ರೊಟ್ಟಿಗೆ ರೇಟು ಇದೆ, ಬಡಿಯುವ ಕೈಗೆ?

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಓಣಿಯ ಅಕ್ಕ ಒಬ್ಬರು ಇನ್ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಾನು ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುವವನು. ಅಕ್ಕ ಹನ್ನೊಂದು ವರ್ಷದಿಂದ ಮನೆಯಲ್ಲೇ ಜೋಳದ ಖಡಕ್ ರೊಟ್ಟಿ ಮಾಡಿ ಎರಡು ಅಂಗಡಿಗಳಿಗೆ ಕೊಡುತ್ತಾರೆ. ಮಗಳ ನರ್ಸಿಂಗ್ ಫೀಸಿಗೆ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದರು. ಅಲ್ಲಿ ಆದಾಯದ ದಾಖಲೆ ತನ್ನಿ ಅಂದಿದ್ದಾರೆ. "ತಮ್ಮಾ, ನಂಗೂ ತಿಂಗಳಿಗೆ ಹದಿನೈದು ಸಾವಿರ ಬರ್ತದ. ಆದ್ರ ಕಾಗದ ಇಲ್ಲ. ಒಂದ್ ಲೆಕ್ಕಾ ಬರದು ಕೊಡು" ಅಂದರು.

ಕೂತು ಬರೆದೆವು. ದಿನಕ್ಕೆ 100 ರೊಟ್ಟಿ, ಅಂಗಡಿಗೆ ಒಂದಕ್ಕೆ 6 ರೂಪಾಯಿ. ದಿನಕ್ಕೆ 600 ಆಯಿತು. ತಿಂಗಳಿಗೆ 26 ದಿನ ಹಿಡಿದರೆ 15,600. ಅಕ್ಕ ಹೇಳಿದ್ದು ಸರಿಯಾಗಿತ್ತು. ಆಮೇಲೆ ಖರ್ಚಿನ ಪುಟ ತೆಗೆದೆವು. ಆರು ಕೆಜಿ ಜೋಳಕ್ಕೆ 300 ರೂಪಾಯಿ, ಗಿರಣಿಗೆ 40, ಗ್ಯಾಸಿಗೆ 60, ಪ್ಯಾಕಿಂಗ್ ಕವರಿಗೆ 30. ಒಟ್ಟು 430. ಜೋಳದ ಬಾಬತ್ತು ಬರೆಯುವಾಗ ಅಕ್ಕ ನನ್ನನ್ನು ತಡೆದರು. "ಅರ್ಧಾ ಜ್ವಾಳ ತವರಮನಿಯಿಂದ ಬರ್ತದ, ಅದಕ್ಕೇನ ರೊಕ್ಕಾ ಹಿಡೀತೀ?" ಅಂದರು. ಹಿಡಿಯಲೇಬೇಕು ಅಕ್ಕಾ ಅಂದೆ. ತವರಿನ ಜೋಳವನ್ನು ಪುಕ್ಕಟೆ ಅಂತ ಬಿಟ್ಟರೆ, ಅಣ್ಣ ಹೊಲದಲ್ಲಿ ಬೆವರು ಸುರಿಸಿ ಬೆಳೆದ ಎರಡು ಚೀಲ ಜೋಳ ಅಂಗಡಿಯವರ ಲಾಭಕ್ಕೆ ಹೋಗಿ ಸೇರುತ್ತದೆ, ತಂಗಿಗೆ ಅಲ್ಲ.

600ರಲ್ಲಿ 430 ಕಳೆದರೆ 170. ಹಿಟ್ಟು ನಾದುವುದರಿಂದ ಹಿಡಿದು ಕವರಿಗೆ ಹಾಕಿ ಕಟ್ಟುವವರೆಗೆ ದಿನಕ್ಕೆ ಐದು ತಾಸು. ಅಂದರೆ ತಾಸಿಗೆ 34 ರೂಪಾಯಿ. ತಿಂಗಳಿಗೆ ಕೈಯಲ್ಲಿ ಉಳಿಯುವುದು 4,420. ಅಕ್ಕ ಆ ಅಂಕಿಯನ್ನೇ ನೋಡುತ್ತಾ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಈ ಲೇಖನ ಬರೆಯಲು ಆ ಮೌನವೇ ಕಾರಣ. ನೌಕರಿ ಇಲ್ಲದೆ ದುಡಿಯುವುದು ಹೇಗೆ ಅಂತ ಈಗ ಎಲ್ಲರೂ ಮಾತಾಡುತ್ತಿದ್ದಾರೆ. ಯೂಟ್ಯೂಬ್ ಮಾಡಿ, ಹೋಮ್ ಮೇಡ್ ಮಾರಿ, ಡೆಲಿವರಿಗೆ ಹೋಗಿ, ನಿಮಗೆ ನೀವೇ ಬಾಸ್ ಆಗಿ. ಯಾವ ಕೆಲಸ ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮಾಡಿದ ಕೆಲಸಕ್ಕೆ ಎಷ್ಟು ಕೇಳಬೇಕು, ಆ ಎಷ್ಟರಲ್ಲಿ ಏನೇನು ಸೇರಿರಬೇಕು ಅಂತ ಹೇಳುವವರು ಕಡಿಮೆ. ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಸೋಲುವುದು ಇಲ್ಲೇ. ಕೆಲಸ ಬರದೆ ಸೋತವರನ್ನು ನಾನು ನೋಡಿದ್ದು ಕಡಿಮೆ, ಬೆಲೆ ಕಟ್ಟಲು ಬರದೆ ಸೋತವರೇ ಜಾಸ್ತಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. ತಿಂಗಳ ಸಂಬಳದ ನೌಕರಿ ಅಂದರೆ ಎಲ್ಲರೂ ನಡೆಯುವ ದಾರಿ, ಉಳಿದದ್ದೆಲ್ಲ ಅಡ್ಡದಾರಿ ಅಂತ ನಾವು ಅಂದುಕೊಂಡಿದ್ದೇವೆ. ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಸಮೀಕ್ಷೆ ನೋಡಿದರೆ ದೇಶದಲ್ಲಿ ದುಡಿಯುವವರ ಪೈಕಿ ಕಾಯಂ ಸಂಬಳದವರು ಶೇ 21.7 ಮಾತ್ರ. ಸ್ವಂತ ದುಡಿಮೆಯವರು ಶೇ 58.4, ದಿನಗೂಲಿಯವರು ಶೇ 19.8. ಐದರಲ್ಲಿ ನಾಲ್ಕು ಜನ ಸಂಬಳದ ಹೊರಗೇ ಬದುಕುತ್ತಿದ್ದಾರೆ. ಆ ಶೇ 58ರಲ್ಲಿ ಹೊಲದಲ್ಲಿ, ಅಂಗಡಿಯಲ್ಲಿ ಮನೆಯವರ ಜೊತೆ ಕೈಜೋಡಿಸಿ ಒಂದು ರೂಪಾಯಿಯೂ ಪಡೆಯದವರೂ ಸೇರಿದ್ದಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಹಾಗಾಗಿ ಆ ಅಂಕಿ ನೋಡಿ ದೇಶದ ತುಂಬ ಉದ್ಯಮಿಗಳು ಅಂತ ಸಂಭ್ರಮಪಡುವ ಹಾಗಿಲ್ಲ. ಆದರೆ ಒಂದು ಮಾತು ಸ್ಪಷ್ಟ. ನಮ್ಮ ಸಾಲದ ಫಾರ್ಮು, ನಮ್ಮ ಮದುವೆ ಮಾತುಕತೆ, ನಮ್ಮ ಶಾಲೆಯ ಪಾಠ ಎಲ್ಲವೂ ಆ ಐದರಲ್ಲಿ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಆ ಒಬ್ಬರಾಗಲು ನಮ್ಮ ಹುಡುಗರು ಏನೆಲ್ಲ ಪಡುತ್ತಿದ್ದಾರೆ ಅಂತ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ತುಂಬಿರುವ ಧಾರವಾಡದ ಸಪ್ತಾಪುರದ ಕಡೆ ಒಮ್ಮೆ ಹೋದರೆ ಗೊತ್ತಾಗುತ್ತದೆ. ರೀಡಿಂಗ್ ರೂಮಿನಲ್ಲಿ ಬೆಳಿಗ್ಗೆ ಕೂತವರು ರಾತ್ರಿ ಏಳುತ್ತಾರೆ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಪಿಎಸ್‌ಸಿಯ 384 ಗೆಜೆಟೆಡ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಆಗಿ, ಕನ್ನಡ ಅನುವಾದದ ತಪ್ಪುಗಳ ಕಾರಣಕ್ಕೆ ಡಿಸೆಂಬರ್‌ನಲ್ಲಿ ಮತ್ತೆ ಆಯಿತು, ಆಗಲೂ ತಪ್ಪುಗಳ ದೂರು ಬಂತು. ತಪ್ಪು ಯಾರದ್ದೇ ಇರಲಿ, ಆ ವರ್ಷಗಳು ಯಾರಿಗೂ ತಿರುಗಿ ಬರುವುದಿಲ್ಲ. ಇಪ್ಪತ್ತಾರನೇ ವಯಸ್ಸಿಗೆ ಶುರುವಾಗಬೇಕಿದ್ದ ದುಡಿಮೆ ಮೂವತ್ತಕ್ಕೆ ಹೋಗಿ ನಿಂತಿರುತ್ತದೆ. ಆಗ ಹೊರಗಿನ ದಾರಿ ಹುಡುಕುವವರು ಆಯ್ದುಕೊಂಡು ಬಂದವರಲ್ಲ, ಬೇರೆ ಗತಿ ಇಲ್ಲದೆ ಬಂದವರು. ಗತಿ ಇಲ್ಲದೆ ಬಂದವರು ಬೆಲೆ ಕೇಳಲು ಹಿಂಜರಿಯುತ್ತಾರೆ. "ಎಷ್ಟು ಕೊಡ್ತೀರೋ ಕೊಡ್ರಿ" ಅಂದುಬಿಡುತ್ತಾರೆ.

ಬೆಲೆ ಕೇಳಬೇಕಾದರೆ ಸಂಬಳದ ಒಳಗೆ ಏನೇನು ಇದೆ ಅಂತ ಮೊದಲು ಬಿಚ್ಚಿ ನೋಡಬೇಕು. ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲೋ ಶೋರೂಮಿನಲ್ಲೋ 15,000 ಸಂಬಳಕ್ಕೆ ಇರುವ ಹುಡುಗಿಯನ್ನು ತೆಗೆದುಕೊಳ್ಳಿ. ಅವಳ ಪಿಎಫ್‌ಗೆ ಮಾಲೀಕ ತನ್ನ ಕಡೆಯಿಂದ ಶೇ 12, ಅಂದರೆ 1,800 ಹಾಕಬೇಕು. ಕಾಯಿಲೆ, ಹೆರಿಗೆಗೆ ಅಂತ ಇರುವ ಇಎಸ್ಐ ವಿಮೆಗೆ ಶೇ 3.25, ಅಂದರೆ ಸುಮಾರು 490. ಗ್ರಾಚ್ಯುಟಿ ಅಂತ ವರ್ಷಕ್ಕೆ ಹದಿನೈದು ದಿನದ ಸಂಬಳ ಕೂಡುತ್ತಾ ಹೋಗುತ್ತದೆ, ಅದನ್ನು ತಿಂಗಳಿಗೆ ಹಂಚಿದರೆ 720 ಆಸುಪಾಸು. ಕೂಡಿಸಿದರೆ ತಿಂಗಳಿಗೆ 3,000 ಕಣ್ಣಿಗೆ ಕಾಣದ ದುಡ್ಡು. ಇಷ್ಟೇ ಅಲ್ಲ. ಇಎಸ್ಐ ಇದ್ದರೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ, ಹೆರಿಗೆಗೆ 26 ವಾರ ಪೂರ್ತಿ ಸಿಗುತ್ತದೆ. ಭಾನುವಾರ ಮನೆಯಲ್ಲಿದ್ದರೂ ತಿಂಗಳ ಸಂಬಳ ಕಡಿಮೆಯಾಗುವುದಿಲ್ಲ.

ಈಗ ನಮ್ಮ ಅಕ್ಕನಿಗೆ ವಾಪಸ್ ಬನ್ನಿ. ಮಣಿಕಟ್ಟು ಊದಿಕೊಂಡ ದಿನ ರೊಟ್ಟಿ ಇಲ್ಲ, ರೊಕ್ಕವೂ ಇಲ್ಲ. ನಾದಿನಿಯ ಮದುವೆಗೆ ನಾಲ್ಕು ದಿನ ಹೋದರೆ ನಾಲ್ಕು ದಿನದ ದುಡಿಮೆ ಹೋಯಿತು. ಅರವತ್ತಾದ ಮೇಲೆ ಬಡಿಯಲು ಆಗದಿದ್ದರೆ ಮುಂದೇನು ಅನ್ನುವುದಕ್ಕೆ ಅವರ ಲೆಕ್ಕದಲ್ಲಿ ಜಾಗವೇ ಇಲ್ಲ. ಅಂದರೆ ಹೊರಗೆ ದುಡಿಯುವವರು 15,000 ಸಂಬಳದವರಿಗೆ ಸಮ ಆಗಬೇಕಾದರೆ, ಖರ್ಚೆಲ್ಲ ಕಳೆದು, 18,000 ಉಳಿಸಬೇಕು. ರಜೆಯನ್ನೂ ಸೇರಿಸಿದರೆ ಇನ್ನೂ ಮೇಲೆ. ನಾನು ಎಲ್ಲರಿಗೂ ಹೇಳುವುದು ಒಂದೇ: ನಿಮ್ಮ ಕೂಲಿ ಎಷ್ಟು ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೀರೋ ಅದಕ್ಕೆ ಐದನೇ ಒಂದು ಪಾಲು ಸೇರಿಸಿಯೇ ರೇಟು ಹೇಳಿ. ಅದು ದುರಾಸೆ ಅಲ್ಲ. ಫ್ಯಾಕ್ಟರಿ ಮಾಲೀಕನಿಗೆ ಕಾನೂನು ಹಾಕಿಸುವ ದುಡ್ಡನ್ನು ನಿಮಗೆ ನೀವೇ ಹಾಕಿಕೊಳ್ಳುತ್ತಿದ್ದೀರಿ.

ಜಾಸ್ತಿ ಕೇಳಿದರೆ ಗಿರಾಕಿ ಹೋಗಿಬಿಡುತ್ತಾನೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವರು ಹೋಗುತ್ತಾರೆ. ಎಷ್ಟು ಜನ ಹೋಗುತ್ತಾರೆ ಅನ್ನುವುದು ನೀವು ಮಾರುವ ವಸ್ತು ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಖಡಕ್ ರೊಟ್ಟಿಯ ಕಥೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಿಂದ ದುಡಿಯುವ ಕೆಲಸ ಆಯ್ದುಕೊಳ್ಳುವಾಗ ಏನು ನೋಡಬೇಕು ಅನ್ನುವುದು ಈ ಒಂದು ರೊಟ್ಟಿಯಲ್ಲೇ ತಿಳಿಯುತ್ತದೆ.

ಗೋಧಿ ಹಿಟ್ಟಿಗೆ ಅಂಟು ಇದೆ, ಕಲಸಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ, ಲಟ್ಟಣಿಗೆಯಲ್ಲಿ ಯಾರು ಬೇಕಾದರೂ ಲಟ್ಟಿಸಬಹುದು. ಜೋಳದ ಹಿಟ್ಟಿಗೆ ಆ ಅಂಟಿಲ್ಲ. ಕುದಿಯುವ ಎಸರು ಹಾಕಿದಾಗ ಮಾತ್ರ ಹಿಟ್ಟು ಸ್ವಲ್ಪ ಬೆಂದು ಜಿಗುಟು ಬರುತ್ತದೆ. ಅದೂ ಬಿಸಿ ಇರುವಾಗಲೇ ನಾದಬೇಕು. ಅಕ್ಕ ಪರಾತದ ಒಂದು ಮೂಲೆಯಲ್ಲಿ ಹಿಟ್ಟಿಟ್ಟುಕೊಂಡು ಒಂದು ರೊಟ್ಟಿಗೆ ಆಗುವಷ್ಟೇ ತೆಗೆದು ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಉಂಡೆಯ ಅಂಚು ಬಿರಿಯಬಾರದು. ಬಿರಿದರೆ ಬಡಿಯುವಾಗ ರೊಟ್ಟಿ ಹರಿಯುತ್ತದೆ. ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ ಎರಡೂ ಕೈಯಿಂದ ಬಡಿಯುತ್ತಾ ತಿರುಗಿಸುತ್ತಾರೆ, ನೋಡುನೋಡುತ್ತಿದ್ದಂತೆ ಹಂಚಿನಷ್ಟು ಅಗಲ ಆಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ, ಉಬ್ಬಿದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯ ಗಂಟಿನಿಂದ ಅದುಮಿ ಅದುಮಿ ತೇವ ಪೂರ್ತಿ ಹೋಗುವ ಹಾಗೆ ಕಾಯಿಸುತ್ತಾರೆ. ಒಂದಕ್ಕೆ ಎರಡು ನಿಮಿಷದ ಮೇಲೆ ಬೇಕೇ ಬೇಕು. ಈ ಕೈ ಬರಲು ವರ್ಷಗಳು ಬೇಕು, ಮತ್ತು ಈಗಿನ ಮನೆಗಳಲ್ಲಿ ಈ ಕೈ ಇರುವವರು ಕಡಿಮೆಯಾಗುತ್ತಿದ್ದಾರೆ. ತಿನ್ನುವವರು ಮಾತ್ರ ಕಡಿಮೆಯಾಗಿಲ್ಲ.

ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ತೇವ ಇಲ್ಲದ ಕಾರಣ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮೆತ್ತನೆ ರೊಟ್ಟಿ, ಪಲ್ಯ ಇವೆಲ್ಲ ಅವತ್ತೇ ಮಾರಬೇಕು. ಸಂಜೆ ಆರಾದರೆ ಬೆಲೆ ಗಿರಾಕಿಯ ಕೈಗೆ ಹೋಗುತ್ತದೆ. ಕೆಡದ ವಸ್ತು ಇದ್ದವರು "ಇವತ್ತು ಬೇಡ ಅಂದ್ರ ಬಿಡ್ರಿ, ನಾಳೆ ಕೊಡ್ತೀನಿ" ಅನ್ನಬಹುದು. ಬಸ್ಸಿಗೆ ಪಾರ್ಸೆಲ್ ಹಾಕಿ ಬೆಂಗಳೂರಿಗೋ ಪುಣೆಗೋ ಕಳಿಸಬಹುದು, ಊರು ಬಿಟ್ಟು ಹೋದ ನಮ್ಮವರು ಅಲ್ಲೆಲ್ಲ ಕಾಯುತ್ತಿರುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗೂ ಇದೇ ಗುಣ. ಕಲಿಯಲು ಕಷ್ಟ, ಕೆಡುವುದು ನಿಧಾನ, ದೂರಕ್ಕೆ ಹೋಗುತ್ತದೆ. ಮನೆಯಲ್ಲಿ ಏನಾದರೂ ಶುರು ಮಾಡುವವರು ಈ ಮೂರನ್ನು ಮೊದಲು ನೋಡಲಿ ಅಂತ ನನ್ನ ಆಸೆ. ಸುಮ್ನೆ ಪಕ್ಕದವರು ಕೇಕ್ ಮಾಡುತ್ತಾರೆ ಅಂತ ನಾವೂ ಕೇಕ್ ಮಾಡಿದರೆ, ಮೂರು ತಿಂಗಳಲ್ಲಿ ಇಬ್ಬರೂ ರೇಟು ಇಳಿಸುತ್ತಾ ಕೂರಬೇಕಾಗುತ್ತದೆ.

ಕಲಬುರಗಿಯಲ್ಲಿ ಇದನ್ನು ಗುಂಪಾಗಿ ಮಾಡಿ ತೋರಿಸಿದ್ದಾರೆ. ಅಲ್ಲಿನ ಸ್ವಸಹಾಯ ಸಂಘದ ಹೆಂಗಸರ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಅಂತ ಒಂದು ಹೆಸರು ಕೊಟ್ಟು, ಜಿಲ್ಲಾಡಳಿತವೇ ಬೆನ್ನಿಗೆ ನಿಂತು, ಆನ್‌ಲೈನಲ್ಲೂ ಬೆಂಗಳೂರಿನಲ್ಲೂ ಮಾರಾಟಕ್ಕೆ ಇಟ್ಟರು. 2025ರ ಜೂನ್‌ನಲ್ಲಿ ಪ್ರಧಾನಿ ಮೋದಿ ಮನ್ ಕೀ ಬಾತ್‌ನಲ್ಲಿ ಇದನ್ನು ಹೆಸರಿಸಿ, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಅಲ್ಲಿ ಆಗುತ್ತದೆ ಅಂದರು. ಹೆಸರು ಬಂದರೆ ಏನಾಗುತ್ತದೆ ಅಂದರೆ, ಗಿರಾಕಿ ಅಂಗಡಿಯವರನ್ನು ಕೇಳುವ ಪ್ರಶ್ನೆ ಬದಲಾಗುತ್ತದೆ. "ರೊಟ್ಟಿ ಇದೆಯಾ" ಅನ್ನುವ ಬದಲು "ಅವರ ರೊಟ್ಟಿ ಇದೆಯಾ" ಅಂತ ಕೇಳುತ್ತಾನೆ. ಅಲ್ಲಿಂದ ಮುಂದೆ ಚೌಕಾಸಿಯ ಬಲ ಮಾಡುವವರ ಕಡೆ ಬರುತ್ತದೆ.

ಬೆಲೆಯ ಬಲ ಪೂರ್ತಿ ಇನ್ನೊಬ್ಬರ ಕೈಯಲ್ಲಿ ಇದ್ದರೆ ಏನು ಕಥೆ ಅಂತ ನೋಡಬೇಕಾದರೆ ಡೆಲಿವರಿ ಹುಡುಗರ ಕಡೆ ನೋಡಿ. ಕಂಪನಿಗಳು ಅವರನ್ನು ಪಾಲುದಾರ ಅನ್ನುತ್ತವೆ. ಆದರೆ ಒಂದು ಆರ್ಡರಿಗೆ ಎಷ್ಟು ಸಿಗುತ್ತದೆ ಅಂತ ಅವರು ಹೇಳುವ ಹಾಗಿಲ್ಲ, ಆ್ಯಪ್ ಹೇಳುತ್ತದೆ. ಪೆಟ್ರೋಲು, ಬೈಕಿನ ಕಂತು, ಸರ್ವಿಸು, ಬಿದ್ದರೆ ಆಸ್ಪತ್ರೆ ಎಲ್ಲ ಅವರದ್ದೇ. ಅಂಗಡಿ ಮಾಲೀಕನ ಖರ್ಚು, ಕೂಲಿಯವನ ಅಧಿಕಾರ. ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಎರಡು ವರ್ಷ ಇದನ್ನೇ ಮಾಡಿದ. ತಿಂಗಳಿಗೆ ಇಪ್ಪತ್ತೆಂಟು ಸಾವಿರ ಬರುತ್ತದೆ ಅಂತ ಮನೆಗೆ ಫೋನು ಮಾಡಿ ಹೇಳುತ್ತಿದ್ದ. ಅವನ ಲೆಕ್ಕವನ್ನೂ ಅಕ್ಕನ ಲೆಕ್ಕದ ಹಾಗೇ ಬರೆದಾಗ ಉಳಿದದ್ದು ಹದಿನೇಳು ಸಾವಿರದ ಹತ್ತಿರ, ಅದೂ ದಿನಕ್ಕೆ ಹನ್ನೆರಡು ತಾಸು ರಸ್ತೆ ಮೇಲೆ ಇದ್ದು. ಬೈಕು ಸವೆಯುವುದನ್ನು ಅದರಲ್ಲಿ ಹಿಡಿದಿರಲಿಲ್ಲ.

ನೀತಿ ಆಯೋಗ 2022ರ ವರದಿಯಲ್ಲಿ ಇಂಥ ಗಿಗ್ ಕೆಲಸಗಾರರು 2020-21ರಲ್ಲಿ 77 ಲಕ್ಷ ಇದ್ದರು, 2029-30ಕ್ಕೆ 2.35 ಕೋಟಿ ಆಗುತ್ತಾರೆ ಅಂತ ಅಂದಾಜು ಮಾಡಿತು. ಕರ್ನಾಟಕ ಇದರಲ್ಲಿ ಬೇಗ ಎಚ್ಚೆತ್ತ ರಾಜ್ಯಗಳಲ್ಲಿ ಒಂದು. ರಾಜಸ್ಥಾನ 2023ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲ ಅದನ್ನು ಕಾನೂನು ಮಾಡಿತು. ಪ್ರತಿ ಆರ್ಡರಿಗೆ ಕೆಲಸಗಾರನಿಗೆ ಕೊಡುವ ದುಡ್ಡಿನ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮೊದಲು, ಕರಾರು ಬದಲಿಸುವ ಮೊದಲು 14 ದಿನದ ನೋಟಿಸು ಕೊಡಬೇಕು. ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ, ಹೇಗೆ ರೇಟಿಂಗ್ ಕೊಡುತ್ತದೆ ಅಂತ ಕೇಳಿದರೆ ತಿಳಿಸಬೇಕು. ರಾತ್ರೋರಾತ್ರಿ ಐಡಿ ಬ್ಲಾಕ್ ಆಗಿ ಮರುದಿನ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ನಿಂತ ಹುಡುಗರನ್ನು ನೋಡಿದವರಿಗೆ ಆ 14 ದಿನದ ಬೆಲೆ ಗೊತ್ತು. ಆದರೂ ರೇಟು ಯಾರು ಹಾಕಬೇಕು ಅನ್ನುವ ಮೂಲ ಪ್ರಶ್ನೆಯನ್ನು ಈ ಕಾನೂನು ಬಗೆಹರಿಸುವುದಿಲ್ಲ.

ನೌಕರಿ ಅಲ್ಲದ ದುಡಿಮೆಗೆ ಪಿಎಫ್ ಗಿಎಫ್ ಎಲ್ಲ ಆಗದ ಮಾತು ಅನ್ನುವವರಿಗೆ ನಾನು ಒಂದು ಉದಾಹರಣೆ ಕೊಡುತ್ತೇನೆ. ಅದು ನಮ್ಮ ಕರಾವಳಿಯಲ್ಲೇ ಇದೆ. ದಕ್ಷಿಣ ಕನ್ನಡದ ಮನೆಮನೆಯ ಜಗಲಿಯಲ್ಲಿ ಹೆಂಗಸರು ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು, ಈಗಲೂ ಕೆಲವರು ಕಟ್ಟುತ್ತಾರೆ. ಫ್ಯಾಕ್ಟರಿ ಇಲ್ಲ, ಹಾಜರಿ ಇಲ್ಲ, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಇವರು ನಮ್ಮ ಕೆಲಸಗಾರರೇ ಅಲ್ಲ ಅಂತ ಮಾಲೀಕರು ವಾದ ಮಾಡಿದ್ದರು. 1966ರ ಬೀಡಿ ಕಾರ್ಮಿಕರ ಕಾನೂನು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರು ಅಂದಿತು. ಪಿಎಫ್ ಅವರಿಗೂ ಸಲ್ಲಬೇಕು ಅಂತ 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಪಿಎಫ್ ದುಡ್ಡಲ್ಲಿ ಮಗಳ ಮದುವೆ ಮಾಡಿದ, ಮನೆಗೆ ಹೆಂಚು ಹೊದಿಸಿದ ತಾಯಂದಿರು ಆ ಕಡೆ ಊರೂರಿಗೂ ಇದ್ದಾರೆ. ತಂಬಾಕಿನ ಧೂಳು ಅವರ ಎದೆಗೆ ಮಾಡಿದ ಹಾನಿಯನ್ನು ನಾನು ಮರೆತಿಲ್ಲ, ಆ ಕೆಲಸ ಇರಲಿ ಅಂತಲೂ ಹೇಳುತ್ತಿಲ್ಲ. ಕಾಣದ ಈ ಸಂಬಳ ನೌಕರಿಯ ಸ್ವತ್ತಲ್ಲ, ಕೇಳಿ ಪಡೆದದ್ದು ಅನ್ನುವುದಕ್ಕೆ ಅವರೇ ಸಾಕ್ಷಿ. ಅವರಿಗೆ ಸಂಘ ಇತ್ತು, ಕೋರ್ಟಿನ ಮೆಟ್ಟಿಲು ಹತ್ತುವವರಿದ್ದರು. ಒಬ್ಬೊಬ್ಬರೇ ರೊಟ್ಟಿ ಬಡಿಯುವ ಅಕ್ಕಂದಿರಿಗೆ ಹಾಗೆ ಯಾರೂ ಇಲ್ಲ. ಮಾಲೀಕ ಅಂತ ಎದುರಿಗೆ ನಿಲ್ಲಿಸಲು ಒಬ್ಬರಾದರೂ ಬೇಕಲ್ಲ, ಅವರೂ ಇಲ್ಲ.

ಹಾಗಾಗಿ ಅವರಿಗೆ ಬೇಕಾಗಿರುವುದು ದಾಖಲೆ. ದಾಖಲೆ ಅಂದ ಕೂಡಲೇ ಎಲ್ಲರೂ ಹೆದರುವುದು 2025ರ ಜುಲೈ ನೆನಪಾಗಿ. ಆಗ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಸ್ಥರಿಗೆ ಸಾವಿರಗಟ್ಟಲೆ ನೋಟಿಸು ಕಳಿಸಿತು. ನಮ್ಮ ಪಕ್ಕದ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸು ಬಂದದ್ದು ದೇಶವೆಲ್ಲ ಸುದ್ದಿಯಾಯಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಸ್ಥರ ಜೊತೆ ಸಭೆ ಮಾಡಿ ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿ ಅಂದರು. ಆ ವಾರ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅಕ್ಕನೂ ಫೋನ್‌ಪೇ ತೆಗೆದುಬಿಡಲಾ ಅಂತ ಕೇಳಿದ್ದರು.

ಬೇಡ ಅಂದೆ. ನಿಯಮ ಸರಳವಾಗಿಯೇ ಇದೆ, ಯಾರೂ ಸರಳವಾಗಿ ಹೇಳಿಲ್ಲ ಅಷ್ಟೇ. ವಸ್ತು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ತೆರಿಗೆ ಇಲ್ಲದ ವಸ್ತು, ಉದಾಹರಣೆಗೆ ತರಕಾರಿ ಅಥವಾ ಹಾಲು, ಮಾರುವವರಿಗೆ ಆ ಮಿತಿ ದಾಟಿದರೂ ನೋಂದಣಿ ಬೇಡ. ಸಿಕ್ಕಿಹಾಕಿಕೊಳ್ಳುವುದು ಎರಡನ್ನೂ ಮಾರುವವರು. ಹಾಲಿನ ಜೊತೆ ಬಿಸ್ಕತ್ತು, ಸಿಗರೇಟು ಇಟ್ಟ ತಕ್ಷಣ ಹಾಲಿನ ದುಡ್ಡೂ ಸೇರಿ 40 ಲಕ್ಷದ ಲೆಕ್ಕಕ್ಕೆ ಬರುತ್ತದೆ. ನೋಂದಣಿ ಆದರೂ 1.5 ಕೋಟಿವರೆಗಿನ ಸಣ್ಣವರು ರಾಜಿ ತೆರಿಗೆ ಪದ್ಧತಿಯಲ್ಲಿ ಶೇ 1 ಕಟ್ಟಿ ಮುಗಿಸಬಹುದು. ರೊಟ್ಟಿ, ಚಪಾತಿಗಂತೂ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯೇ ಇಲ್ಲ. ವರ್ಷಕ್ಕೆ ಎರಡು ಲಕ್ಷದ ಆಸುಪಾಸು ವಹಿವಾಟಿನ ಅಕ್ಕ ಹೆದರಬೇಕಾದ್ದು ಏನೂ ಇರಲಿಲ್ಲ.

ತಪ್ಪಿದ್ದದ್ದು ಬೇರೆ ಕಡೆ. ಅಕ್ಕನ ಒಂದೇ ಖಾತೆಗೆ ರೊಟ್ಟಿಯ ದುಡ್ಡು, ತಮ್ಮ ಕಳಿಸಿದ ಕೈಗಡ, ಸಂಘದ ಚೀಟಿ, ಮಗಳ ಸ್ಕಾಲರ್‌ಶಿಪ್ ಎಲ್ಲ ಬಂದು ಬೀಳುತ್ತಿತ್ತು. ನಾಳೆ ಯಾರಾದರೂ ಕೇಳಿದರೆ ಯಾವುದು ದುಡಿಮೆ, ಯಾವುದು ಸಾಲ ಅಂತ ಬೇರೆ ಮಾಡಿ ತೋರಿಸಲು ಆಗುವುದಿಲ್ಲ. ವ್ಯಾಪಾರಕ್ಕೆ ಒಂದು ಬೇರೆ ಖಾತೆ ತೆಗೆಸಿ, ಕ್ಯೂಆರ್ ಅದಕ್ಕೆ ಜೋಡಿಸಿದೆವು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿದೆವು. ಅದು ಪೂರ್ತಿ ಪುಕ್ಕಟೆ, ಸೈಬರ್ ಸೆಂಟರಿನಲ್ಲಿ ಸಾವಿರ ರೂಪಾಯಿ ಕೇಳಿದರೆ ಕೊಡಬೇಡಿ. ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಆಯಿತು. ಹದಿನಾಲ್ಕು ಅಂಕಿಯ ಆ ನಂಬರು ಪ್ಯಾಕೆಟ್ ಮೇಲೆ ಇರಬೇಕು, ಜೊತೆಗೆ ಏನೇನು ಹಾಕಿದೆ, ತೂಕ ಎಷ್ಟು, ಯಾವತ್ತು ಮಾಡಿದ್ದು, ಎಷ್ಟು ದಿನದೊಳಗೆ ತಿನ್ನಬೇಕು, ಹಸಿರು ಚುಕ್ಕೆ, ವಿಳಾಸ. ಮನೆ ಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಅಕ್ಕ ಮೊದಲಿನಿಂದಲೂ ಕಮರ್ಷಿಯಲ್ ಸಿಲಿಂಡರ್ ಇಟ್ಟಿದ್ದರು, ಅದಕ್ಕೆ ಗ್ಯಾಸಿಗೆ ದಿನಕ್ಕೆ 60.

ಆಮೇಲೆ ಆದಾಯ ತೆರಿಗೆ ರಿಟರ್ನ್. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ಯಾಕೆ ಹಾಕಬೇಕು ಅಂತ ಕೇಳುತ್ತಾರೆ. ಸಂಬಳದವರಿಗೆ ಪೇ ಸ್ಲಿಪ್ ಇದ್ದ ಹಾಗೆ ಹೊರಗಿನವರಿಗೆ ಇದೇ ಸ್ಲಿಪ್ಪು. ಎರಡು ಮೂರು ವರ್ಷದ ರಿಟರ್ನ್ ಇದ್ದರೆ ಬ್ಯಾಂಕಿನವರು ಕೂರಿಸಿ ಮಾತಾಡುತ್ತಾರೆ. ಸರ್ಕಾರದ ಯೋಜನೆಗಳಿಗೂ ಇದೇ ದಾರಿ. ಸಣ್ಣ ಆಹಾರ ಘಟಕಗಳಿಗೆ ಅಂತ 2020ರಲ್ಲಿ ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರ, ಶೆಡ್ಡಿಗೆ ಶೇ 35 ಸಹಾಯಧನ ಇಟ್ಟರು, ಕರ್ನಾಟಕ ಮೇಲೆ ಶೇ 15 ಸೇರಿಸಿ ಅರ್ಧ ಮಾಡಿತು, 15 ಲಕ್ಷದವರೆಗೆ. ಆದರೆ ಅದು ಸಾಲದ ಜೊತೆ ಬರುವ ಸಹಾಯಧನ. ಮೊದಲು ಬ್ಯಾಂಕು ಒಪ್ಪಬೇಕು. ಬ್ಯಾಂಕು ಒಪ್ಪಬೇಕಾದರೆ ಕಾಗದ ಬೇಕು. ಕಾಗದ ಇಲ್ಲದ ಹನ್ನೊಂದು ವರ್ಷದ ಅನುಭವಕ್ಕಿಂತ ಕಾಗದ ಇರುವ ಎರಡು ವರ್ಷಕ್ಕೆ ಅಲ್ಲಿ ಬೆಲೆ ಜಾಸ್ತಿ. ಇದು ನನಗೆ ಬೇಸರದ ವಿಷಯ, ಆದರೆ ಇರುವುದು ಹೀಗೇ.

ರೇಟಿನ ವಿಷಯಕ್ಕೆ ಬರುತ್ತೇನೆ. ಖರ್ಚು ರೊಟ್ಟಿಗೆ 4 ರೂಪಾಯಿ 30 ಪೈಸೆ. ಅಕ್ಕನ ಕೈಗೆ ತಾಸಿಗೆ 70 ರೂಪಾಯಿ ಹಿಡಿದೆವು, ಅದು ರೊಟ್ಟಿಗೆ 3.50 ಆಯಿತು. ಅದರ ಐದನೇ ಒಂದು ಪಾಲು 70 ಪೈಸೆ, ಮುರಿದು ಹೋಗುವ ರೊಟ್ಟಿಗೆ 50 ಪೈಸೆ. ಎಲ್ಲ ಸೇರಿ 9 ರೂಪಾಯಿ. ಅಂಗಡಿಯಲ್ಲಿ ಗಿರಾಕಿಗೆ ಮಾರುತ್ತಿದ್ದದ್ದು 10ಕ್ಕೆ. ಅಂದರೆ ನಾಲ್ಕು ರೂಪಾಯಿ ಅಂಗಡಿಗೆ, ಒಂದು ರೂಪಾಯಿ ಎಪ್ಪತ್ತು ಪೈಸೆ ಬಡಿದವರಿಗೆ.

ಅಂಗಡಿಗೆ 9 ಕೇಳಿದರೆ ಯಾರೂ ಕೊಡುವುದಿಲ್ಲ, ಅವರಿಗೂ ಬಾಡಿಗೆ ಇದೆ. ಅಕ್ಕ 7.50 ಕೇಳಿದರು. ಕೇಳುವ ಮುಂಚೆ ಎರಡು ದಿನ ನಿದ್ದೆ ಮಾಡಿರಲಿಲ್ಲ ಅಂತ ಆಮೇಲೆ ಹೇಳಿದರು. ಒಂದು ಅಂಗಡಿಯವರು ಸ್ವಲ್ಪ ಗೊಣಗಿ ಒಪ್ಪಿಕೊಂಡರು. ಇನ್ನೊಬ್ಬರು ಬೇಡ ಅಂದರು, ಹನ್ನೊಂದು ವರ್ಷದ ವ್ಯವಹಾರ ಒಂದೇ ಮಾತಿಗೆ ನಿಂತಿತು. ಅವತ್ತು ಅಕ್ಕ ನನ್ನ ಮೇಲೆ ಸಿಟ್ಟಾಗಿದ್ದರು, ಸಿಟ್ಟಾಗುವುದು ನ್ಯಾಯವೇ ಆಗಿತ್ತು. ಮೂರು ವಾರ ದಿನಕ್ಕೆ ಐವತ್ತೇ ರೊಟ್ಟಿ ಹೋದವು. ಆಮೇಲೆ ಓಣಿಯ ಆಚೆ ಹೊಸದಾಗಿ ಆದ ಅಪಾರ್ಟ್‌ಮೆಂಟಿನಲ್ಲಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ, ಒಬ್ಬರು ಇನ್ನೊಬ್ಬರಿಗೆ ಹೇಳಿ ನೇರ ಗಿರಾಕಿಗಳು ಬಂದರು. ಈಗ ಅಂಗಡಿಗೆ 50, ಮನೆಗಳಿಗೆ 9ರ ರೇಟಿನಲ್ಲಿ 40. ದಿನಕ್ಕೆ 90 ರೊಟ್ಟಿ, 735 ರೂಪಾಯಿ. ಖರ್ಚು ಕಳೆದು 348. ರೊಟ್ಟಿ ಹತ್ತು ಕಡಿಮೆ, ಕೈಗೆ ಎರಡರಷ್ಟು.

ತಿಂಗಳಿಗೆ 9,000 ಚಿಲ್ಲರೆ. ಇದು ಇನ್ನೂ ಫ್ಯಾಕ್ಟರಿಯ ಸಂಬಳಕ್ಕೆ ಸಮ ಅಲ್ಲ, ದಿನಕ್ಕೆ ಐದು ತಾಸಿನ ದುಡಿಮೆ ಅಂತ ಮರೆಯಬಾರದು. ಹೆಚ್ಚಿಗೆ ಬಂದ ದುಡ್ಡಲ್ಲಿ ಆ ಕಾಣದ ಸಂಬಳವನ್ನು ಸ್ವಲ್ಪ ಸ್ವಲ್ಪವೇ ಕಟ್ಟಿಕೊಳ್ಳುತ್ತಿದ್ದೇವೆ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ, ಎರಡಕ್ಕೂ ತಲಾ ಎರಡು ಲಕ್ಷ. ಅಟಲ್ ಪಿಂಚಣಿಗೆ ಸೇರಲು ನಲವತ್ತರ ಒಳಗೆ ಇರಬೇಕು, ಅಕ್ಕನಿಗೆ ಆ ವಯಸ್ಸು ದಾಟಿದೆ, ಹಾಗಾಗಿ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ. ಬಿಪಿಎಲ್ ಕಾರ್ಡ್ ಇರುವುದರಿಂದ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಇಲ್ಲದೇ ಇರುವುದು ಒಂದೇ, ಹಾಸಿಗೆ ಹಿಡಿದ ದಿನದ ಕೂಲಿ. ಅದನ್ನು ಕೊಡುವ ಯೋಜನೆ ಅಕ್ಕನಿಗೆ ಯಾವುದೂ ಸಿಕ್ಕಿಲ್ಲ, ಮತ್ತು ನನ್ನ ಅನುಭವದಲ್ಲಿ ಸಣ್ಣ ದುಡಿಮೆಯವರು ಬಡ್ಡಿ ಸಾಲಕ್ಕೆ ಬೀಳುವುದು ಹೆಚ್ಚಾಗಿ ಆ ದಿನಗಳಲ್ಲೇ. ಸಿಗುವವರೆಗೆ ದಿನಕ್ಕೆ 25 ರೂಪಾಯಿ ಒಂದು ಡಬ್ಬಿಗೆ ಹಾಕುತ್ತಾರೆ. ಹದಿನಾಲ್ಕು ದಿನ ಹಾಕಿದರೆ ಒಂದು ದಿನದ ಕೂಲಿ ಆಗುತ್ತದೆ.

ಹೋದ ವಾರ ತಿಂಗಳ ಲೆಕ್ಕ ಬರೆಯಲು ಹೋಗಿದ್ದೆ. ಅಕ್ಕ ಈಗ ತಾವೇ ಗೆರೆ ಎಳೆದು ಬರೆಯುತ್ತಾರೆ, ನಾನು ಕೂಡಿಸಿ ನೋಡುತ್ತೇನೆ ಅಷ್ಟೇ. ಮಂಗಳವಾರ, ಬುಧವಾರ ಎರಡು ಸಾಲು ಖಾಲಿ ಇದ್ದವು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಸೊನ್ನೆ ಹಾಕಲಾ ಅಂತ ಕೇಳಿದೆ. ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಸಾಲಿನಲ್ಲಿ ದೊಡ್ಡದಾಗಿ 'ರಜಾ' ಅಂತ ಬರೆದರು, ಪಕ್ಕದಲ್ಲಿ ಡಬ್ಬಿಯಿಂದ ತೆಗೆದದ್ದು 350, 350.